ಸುಟ್ಟ ಮನೆಯ ಲೆಕ್ಕ ಸ್ಟ್ರಾಸ್‌ಬರ್ಗಿನಲ್ಲಿ

1998ರ ಏಪ್ರಿಲ್ 1ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ನಗರದಲ್ಲಿ ನ್ಯಾಯಾಧೀಶರು ತುರ್ಕಿಯ ಒಂದು ಗುಡ್ಡಗಾಡಿನ ಹಳ್ಳಿಯ ಮನೆಗಳಿಗೆ ಬೆಲೆ ಕಟ್ಟಿದರು. ಮನೆ ಎಷ್ಟು ಅಗಲವಿತ್ತು, ಹೊಲ ಎಷ್ಟಿತ್ತು, ಪಾತ್ರೆ-ಹಾಸಿಗೆ ಏನಿತ್ತು, ದನಕುರಿ ಎಷ್ಟು, ಕೂಡಿಟ್ಟ ಮೇವೆಷ್ಟು, ಎಲ್ಲವೂ ಲೆಕ್ಕಕ್ಕೆ ಬಂತು. ಪರಿಹಾರವನ್ನು ಹೇಳಿದ್ದು ಬ್ರಿಟಿಷ್ ಪೌಂಡಿನಲ್ಲಿ. ತುರ್ಕಿಯ ಲೀರಾ ಆ ವರ್ಷಗಳಲ್ಲಿ ಎಷ್ಟು ಬೇಗ ಕುಸಿಯುತ್ತಿತ್ತೆಂದರೆ, ತೀರ್ಪಿನ ದಿನ ಹೇಳಿದ ಮೊತ್ತ ಹಣ ಕೈಸೇರುವ ಹೊತ್ತಿಗೆ ಅರ್ಥ ಕಳೆದುಕೊಳ್ಳುತ್ತಿತ್ತು.

ಆ ಹಳ್ಳಿಯ ಹೆಸರು ಕೆಲೆಕ್ಚಿ. ತುರ್ಕಿಯ ಆಗ್ನೇಯ ಭಾಗದ ದಿಯಾರ್‌ಬಕಿರ್ ಪ್ರಾಂತ್ಯದ ಡಿಜ್ಲೆ ತಾಲ್ಲೂಕಿಗೆ ಸೇರಿದ್ದು. ಡಿಜ್ಲೆ ಎಂದರೆ ನಾವು ಶಾಲೆಯಲ್ಲಿ ಓದಿದ ಟೈಗ್ರಿಸ್ ನದಿಯೇ. ಹಳ್ಳಿಗರು ಕುರ್ದ್ ಜನ. 1992ರ ನವೆಂಬರ್ 10ರಂದು ಸೈನಿಕರು ಬಂದು, ಊರು ಖಾಲಿ ಮಾಡಿಸುವಂತೆ ಗ್ರಾಮದ ಮುಖ್ಯಸ್ಥನಿಗೆ ಆಜ್ಞೆ ಮಾಡಿದರು, ಅದೇ ಹೊತ್ತಿಗೆ ಒಂಬತ್ತು ಮನೆಗಳಿಗೆ ಬೆಂಕಿಯಿಟ್ಟರು ಎಂಬುದು ಅವರ ದೂರು. ಉಳಿದ ಮನೆಗಳು 1993ರ ಏಪ್ರಿಲ್‌ನಲ್ಲಿ ಸುಟ್ಟವು. ಸರ್ಕಾರ ಇದನ್ನು ಒಪ್ಪಲಿಲ್ಲ. ಬೆಂಕಿಯಿಟ್ಟವರು ಬಂಡುಕೋರರು, ಸೇನೆಯಲ್ಲ ಎಂಬುದು ಅದರ ವಾದ.

ಸಾವಿರಾರು ಹಳ್ಳಿಗಳಲ್ಲಿ ಇಂಥದೇ ಕತೆಯಿರುವಾಗ ಕೆಲೆಕ್ಚಿಯನ್ನೇ ಏಕೆ ಹೇಳಬೇಕು? ಒಂದು ದೇಶದ ಸೇನೆ ತನ್ನದೇ ಪ್ರಜೆಗಳ ಊರನ್ನು ಎಬ್ಬಿಸಿದೆ ಎಂಬ ದೂರನ್ನು ಹಳ್ಳಿಗರು ದೇಶದಾಚೆಯ ನ್ಯಾಯಾಲಯದ ಮುಂದೆ ಇಟ್ಟು ಗೆದ್ದ ಮೊದಲ ದೊಡ್ಡ ಮೊಕದ್ದಮೆಗಳಲ್ಲಿ ಇದೊಂದು ಎಂಬ ಕಾರಣಕ್ಕೆ. ಗೆದ್ದ ಮೇಲೆ ಏನು ಸಿಕ್ಕಿತು ಎನ್ನುವುದು ಬೇರೆಯ ಮಾತು.

ಅಲ್ಪಸಂಖ್ಯಾತರು ಎಂದರೆ ಯಾರು?

ಮೊದಲಿಗೆ ಒಂದು ಶಬ್ದದ ತೊಡಕನ್ನು ಬಿಡಿಸಬೇಕು. ತುರ್ಕಿಯ ಜನಸಂಖ್ಯೆಯಲ್ಲಿ ಕುರ್ದರು ಐದರಲ್ಲೊಂದು ಪಾಲಿಗೆ ಸಮೀಪ ಎಂದು ಸಾಮಾನ್ಯವಾಗಿ ಅಂದಾಜು ಮಾಡುತ್ತಾರೆ. ಅವರ ಭಾಷೆ ಬೇರೆ, ಹಾಡು-ಹಬ್ಬ ಬೇರೆ. ಆದರೆ ಆ ದೇಶದ ಕಾನೂನಿನ ದೃಷ್ಟಿಯಲ್ಲಿ ಅವರು ಅಲ್ಪಸಂಖ್ಯಾತರಲ್ಲ. 1923ರ ಲೋಸಾನ್ ಒಪ್ಪಂದದಲ್ಲಿ ತುರ್ಕಿ ಅಲ್ಪಸಂಖ್ಯಾತರೆಂದು ಒಪ್ಪಿಕೊಂಡದ್ದು ಮುಸ್ಲಿಮೇತರರನ್ನು ಮಾತ್ರ. ಕುರ್ದರಲ್ಲಿ ಬಹುಪಾಲು ಮುಸ್ಲಿಮರು. ಹಾಗಾಗಿ ಅವರು ಕಾಗದದ ಮೇಲೆ ತುರ್ಕರೇ. ಅಲ್ಪಸಂಖ್ಯಾತರೆಂದು ಒಪ್ಪದಿದ್ದರೆ ಅಲ್ಪಸಂಖ್ಯಾತರ ಹಕ್ಕಿನ ಪ್ರಶ್ನೆಯೇ ಏಳುವುದಿಲ್ಲವಲ್ಲ! 1983ರಲ್ಲಿ ಬಂದ ಒಂದು ಕಾನೂನು ಕುರ್ದಿಶ್ ಭಾಷೆಯ ಬಳಕೆಯನ್ನೇ ನಿರ್ಬಂಧಿಸಿತ್ತು. ಅದು ರದ್ದಾದದ್ದು 1991ರಲ್ಲಿ.

ಊರು ಬಿಡಿಸುವ ಪದ್ಧತಿಯೂ ಹೊಸದಲ್ಲ. ದೇರ್ಸಿಮ್ ಎಂಬ ಪರ್ವತ ಪ್ರದೇಶಕ್ಕೆ 1935ರ ಕಾನೂನಿನ ಮೂಲಕ ತುಂಜೆಲಿ ಎಂದು ಹೆಸರು ಬದಲಿಸಿ, 1937-38ರಲ್ಲಿ ಅಲ್ಲಿ ನಡೆಸಿದ ಸೈನಿಕ ಕಾರ್ಯಾಚರಣೆಯಲ್ಲಿ ಸಾವಿರಾರು ಜನ ಸತ್ತರು. ಉಳಿದವರಲ್ಲಿ ಅನೇಕರನ್ನು ದೇಶದ ಪಶ್ಚಿಮ ಭಾಗಕ್ಕೆ ಸಾಗಿಸಲಾಯಿತು. 2011ರಲ್ಲಿ ಅಂದಿನ ಪ್ರಧಾನಿ ಎರ್ಡೋಗಾನ್ ಇದಕ್ಕಾಗಿ ಸರ್ಕಾರದ ಪರವಾಗಿ ಕ್ಷಮೆ ಕೇಳಿದರು. ಈ ತುಂಜೆಲಿ ಮುಂದೆ ಮತ್ತೊಮ್ಮೆ ಬರುತ್ತದೆ.

ಬಂದೂಕು ಹಿಡಿ, ಇಲ್ಲವೇ ಊರು ಬಿಡು

1984ರ ಆಗಸ್ಟ್ 15ರಂದು ಕುರ್ದಿಸ್ತಾನ್ ಕಾರ್ಮಿಕರ ಪಕ್ಷ, ಅಂದರೆ ಪಿಕೆಕೆ, ಸಶಸ್ತ್ರ ದಾಳಿ ಆರಂಭಿಸಿತು. ಮುಂದಿನ ನಾಲ್ಕು ದಶಕಗಳಲ್ಲಿ ಸತ್ತವರ ಸಂಖ್ಯೆ 40 ಸಾವಿರ ದಾಟಿತು. ಪಿಕೆಕೆಯವರು ಸೈನಿಕರನ್ನು ಮಾತ್ರ ಕೊಂದರೆಂದು ತಿಳಿಯಬೇಕಿಲ್ಲ. ಶಾಲಾ ಮಾಸ್ತರರನ್ನು ಕೊಂದರು, ಸರ್ಕಾರದ ಕಡೆಯವರೆಂದು ಅನುಮಾನಿಸಿ ಹಳ್ಳಿಗರನ್ನೂ, ಅವರ ಹೆಂಗಸರು ಮಕ್ಕಳನ್ನೂ ಕೊಂದರು. ಕೆಲೆಕ್ಚಿಯ ಸುತ್ತಮುತ್ತಲೂ 1992ರಲ್ಲಿ ಪಿಕೆಕೆ ದಾಳಿ ನಡೆದಿತ್ತು. ನವೆಂಬರ್ 1ರಂದು ಸಮೀಪದ ಬೊಗಾಜ್‌ಕೊಯ್ ಠಾಣೆಯ ಮೇಲೆ ನಡೆದ ದಾಳಿಯಲ್ಲಿ ಒಬ್ಬ ಸಿಬ್ಬಂದಿ ಸತ್ತು, ಎಂಟು ಮಂದಿ ಗಾಯಗೊಂಡರು. ಹಳ್ಳಿಗೆ ಸೈನಿಕರು ಬಂದದ್ದು ಇದಾದ ಒಂಬತ್ತು ದಿನಕ್ಕೆ.

ಇದಕ್ಕೆ ಸರ್ಕಾರ ಕಂಡುಕೊಂಡ ಉಪಾಯಗಳು ಎರಡು. ಒಂದು, 1985ರಲ್ಲಿ ಹಳೆಯ ಗ್ರಾಮ ಕಾನೂನಿಗೆ ತಿದ್ದುಪಡಿ ತಂದು ಹಳ್ಳಿಗರಿಗೇ ಬಂದೂಕು ಮತ್ತು ತಿಂಗಳ ಸಂಬಳ ಕೊಟ್ಟು ‘ಗ್ರಾಮರಕ್ಷಕ’ರನ್ನಾಗಿ ಮಾಡುವುದು. ಇನ್ನೊಂದು, 1987ರಲ್ಲಿ ಹಲವು ಪ್ರಾಂತ್ಯಗಳಲ್ಲಿ ತುರ್ತುಸ್ಥಿತಿ ಘೋಷಿಸಿ, ಅವೆಲ್ಲಕ್ಕೂ ಒಬ್ಬ ಪ್ರಾದೇಶಿಕ ಗವರ್ನರನನ್ನು ನೇಮಿಸಿದ್ದು. ಯಾವ ಹಳ್ಳಿಯನ್ನಾದರೂ ತೆರವು ಮಾಡಿಸುವ ಅಧಿಕಾರ ಅವನಿಗಿತ್ತು. ಈ ತುರ್ತುಸ್ಥಿತಿ ಕೊನೆಯ ಎರಡು ಪ್ರಾಂತ್ಯಗಳಿಂದ ಪೂರ್ತಿ ತೊಲಗಿದ್ದು 2002ರ ನವೆಂಬರ್ 30ರಂದು.

ಈಗ ಹಳ್ಳಿಗನ ಪಾಡನ್ನು ಯೋಚಿಸಿ. ಸರ್ಕಾರದ ಬಂದೂಕು ಹಿಡಿದರೆ ರಾತ್ರಿ ಪಿಕೆಕೆಯವರು ಬಂದು ಮನೆಮಂದಿಯನ್ನೆಲ್ಲ ಕೊಲ್ಲಬಹುದು. ಹಿಡಿಯದಿದ್ದರೆ ಹಗಲು ಸೇನೆಯವರು ಬಂದು, ‘ನೀವು ಅವರಿಗೆ ಅನ್ನ ಹಾಕುವವರು’ ಎನ್ನಬಹುದು. ಬೆಟ್ಟದ ಮೇಲಿನ ಬಂಡುಕೋರನಿಗೆ ಊಟ, ಹಾಸಿಗೆ, ಸುದ್ದಿ ಸಿಗುವುದು ಹಳ್ಳಿಯಿಂದ. ಹಳ್ಳಿಯೇ ಇಲ್ಲದಿದ್ದರೆ ಅವನು ಉಪವಾಸ ಬೀಳುತ್ತಾನೆ ಎಂಬುದು ಸೇನೆಯ ಲೆಕ್ಕಾಚಾರ. ಲೆಕ್ಕಾಚಾರ ತಪ್ಪೇನಿರಲಿಲ್ಲ, ಯುದ್ಧದ ದೃಷ್ಟಿಯಿಂದ. ಆ ಲೆಕ್ಕದಲ್ಲಿ ಹಳ್ಳಿಗ ಮಾತ್ರ ಎಲ್ಲೂ ಇರಲಿಲ್ಲ.

ಎಷ್ಟು ಹಳ್ಳಿಗಳು ಹೀಗೆ ಬರಿದಾದವು? 1998ರಲ್ಲಿ ತುರ್ಕಿಯ ಸಂಸತ್ತಿನದೇ ಸಮಿತಿ ಕೊಟ್ಟ ಅಂಕಿ ಹೀಗಿದೆ: 905 ಹಳ್ಳಿಗಳು, 2,523 ಉಪಗ್ರಾಮಗಳು, 3,78,335 ಜನ. 2006ರಲ್ಲಿ ಅಂಕಾರಾದ ಹಾಜೆತ್ತೆಪೆ ವಿಶ್ವವಿದ್ಯಾಲಯ ಸರ್ಕಾರದ ಕೋರಿಕೆಯ ಮೇಲೆಯೇ ನಡೆಸಿದ ಸಮೀಕ್ಷೆ ಈ ಸಂಖ್ಯೆಯನ್ನು ಸುಮಾರು ಒಂಬತ್ತೂವರೆ ಲಕ್ಷದಿಂದ ಹನ್ನೆರಡು ಲಕ್ಷದ ನಡುವೆ ಇಟ್ಟಿತು. ಎರಡೂ ಅಧಿಕೃತ ಮೂಲದ ಲೆಕ್ಕಗಳೇ. ನಡುವಿನ ಅಂತರ ಮಾತ್ರ ಮೂರು ಪಟ್ಟು. ಎಬ್ಬಿಸಿದವರು ಎಬ್ಬಿಸಿಕೊಂಡವರ ಪಟ್ಟಿ ಇಟ್ಟಿರಲಿಲ್ಲ ಎಂದೇ ಇದರ ಅರ್ಥ.

ದೂರು ಕೊಡುವುದು ಯಾರ ಬಳಿ?

ಮನೆ ಸುಟ್ಟವನು ಹೋಗಿ ದೂರು ಕೊಡಬೇಕಾದ ಜಾಗ ಜಂದರ್ಮ ಠಾಣೆ. ಜಂದರ್ಮ ಎಂದರೆ ಗ್ರಾಮಾಂತರ ಪ್ರದೇಶದ ಪೊಲೀಸ್ ಕೆಲಸ ನೋಡಿಕೊಳ್ಳುವ ಪಡೆ; ಆಗ ಅದು ಸೇನೆಯ ಅಂಗವೇ ಆಗಿತ್ತು. ಅಂದರೆ, ಯಾರ ಮೇಲೆ ದೂರೋ ಅವರ ಕೈಗೇ ದೂರು. ಗವರ್ನರನ ತುರ್ತು ಅಧಿಕಾರದ ತೀರ್ಮಾನಗಳನ್ನು ಕೋರ್ಟಿನಲ್ಲಿ ಪ್ರಶ್ನಿಸುವ ದಾರಿಗಳನ್ನು ಸುಗ್ರೀವಾಜ್ಞೆಗಳು ಬಹುಮಟ್ಟಿಗೆ ಮುಚ್ಚಿದ್ದವು.

ಆಗ ತೆರೆದುಕೊಂಡದ್ದು ಸ್ಟ್ರಾಸ್‌ಬರ್ಗಿನ ಬಾಗಿಲು. ಅಲ್ಲಿರುವ ಐರೋಪ್ಯ ಮಾನವ ಹಕ್ಕುಗಳ ನ್ಯಾಯಾಲಯವನ್ನು ಅನೇಕರು ಐರೋಪ್ಯ ಒಕ್ಕೂಟದ್ದೆಂದು ತಿಳಿಯುತ್ತಾರೆ. ಅದು ತಪ್ಪು. ಅದು ಕೌನ್ಸಿಲ್ ಆಫ್ ಯುರೋಪ್ ಎಂಬ ಬೇರೊಂದು ಸಂಸ್ಥೆಯದು. ಐರೋಪ್ಯ ಒಕ್ಕೂಟಕ್ಕೆ ಇನ್ನೂ ಸೇರದ ತುರ್ಕಿ ಈ ಕೌನ್ಸಿಲ್‌ನ ಹಳೆಯ ಸದಸ್ಯ. 1950ರ ಐರೋಪ್ಯ ಮಾನವ ಹಕ್ಕುಗಳ ಒಡಂಬಡಿಕೆಗೆ ತುರ್ಕಿ 1954ರಲ್ಲೇ ಒಪ್ಪಿಗೆ ಕೊಟ್ಟಿತ್ತು. ಆದರೆ ತನ್ನ ಪ್ರಜೆಯೊಬ್ಬ ನೇರವಾಗಿ ಅಲ್ಲಿಗೆ ಅರ್ಜಿ ಹಾಕಬಹುದು ಎಂದು ಅದು ಒಪ್ಪಿದ್ದು 1987ರ ಜನವರಿಯಲ್ಲಿ. ಅದೇ ವರ್ಷದ ಜುಲೈನಲ್ಲಿ ತುರ್ತುಸ್ಥಿತಿ ಬಂತು. ಒಂದು ಕೈಯಿಂದ ಬಾಗಿಲು ತೆರೆದು ಇನ್ನೊಂದು ಕೈಯಿಂದ ಜನರನ್ನು ಅದರತ್ತ ದೂಡಿದ ಹಾಗಾಯಿತು.

ಬಾಗಿಲು ತೆರೆದರೂ ದಾರಿ ತೋರಿಸುವವರು ಬೇಕಲ್ಲ. ಸುಟ್ಟ ಹಳ್ಳಿಯ ರೈತನಿಗೆ ತುರ್ಕಿ ಭಾಷೆಯೇ ಸರಿಯಾಗಿ ಬಾರದು, ಇನ್ನು ಇಂಗ್ಲಿಷ್ ಫ್ರೆಂಚ್ ಎಲ್ಲಿ? ದಿಯಾರ್‌ಬಕಿರ್‌ನ ವಕೀಲರು, 1986ರಲ್ಲಿ ಹುಟ್ಟಿದ್ದ ತುರ್ಕಿಯ ಮಾನವ ಹಕ್ಕುಗಳ ಸಂಘ, 1992ರಲ್ಲಿ ಲಂಡನ್ನಿನಲ್ಲಿ ಶುರುವಾದ ಕುರ್ದಿಶ್ ಮಾನವ ಹಕ್ಕುಗಳ ಯೋಜನೆ, ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದ ಕಾನೂನು ಅಧ್ಯಾಪಕರಾದ ಕೆವಿನ್ ಬಾಯ್ಲ್ ಮತ್ತು ಫ್ರಾಂಸ್ವಾಸ್ ಹ್ಯಾಂಪ್ಸನ್ ಸೇರಿ ಈ ಕೆಲಸ ಕಟ್ಟಿದರು. ಹಳ್ಳಿಗ ಕುರ್ದಿಶ್‌ನಲ್ಲಿ ಹೇಳಿದ್ದು ತುರ್ಕಿಗೆ, ಅಲ್ಲಿಂದ ಇಂಗ್ಲಿಷಿಗೆ ಇಳಿದು ಫ್ರಾನ್ಸಿಗೆ ಹೋಗಬೇಕಿತ್ತು.

ವಕೀಲರೂ ಸುಖವಾಗಿರಲಿಲ್ಲ. 1993ರ ನವೆಂಬರ್-ಡಿಸೆಂಬರ್‌ನಲ್ಲಿ ದಿಯಾರ್‌ಬಕಿರ್‌ನ ಹದಿನಾರು ವಕೀಲರನ್ನು ಜಂದರ್ಮದವರು ಹಿಡಿದು ಕೂರಿಸಿದರು. ಅವರೂ ಸ್ಟ್ರಾಸ್‌ಬರ್ಗಿಗೆ ದೂರು ಒಯ್ದರು. ಹತ್ತು ವರ್ಷ ಕಳೆದ ಮೇಲೆ, 2003ರಲ್ಲಿ, ತೀರ್ಪು ಅವರ ಪರವಾಗಿ ಬಂತು.

‘ಮೊದಲು ನಮ್ಮ ಕೋರ್ಟಿಗೆ ಬರಲಿ’

ಅಂತಾರಾಷ್ಟ್ರೀಯ ನ್ಯಾಯದಲ್ಲಿ ಒಂದು ನಿಯಮವಿದೆ. ದೂರುದಾರ ಮೊದಲು ಸ್ವದೇಶದ ಎಲ್ಲ ಕಟಕಟೆಗಳನ್ನೂ ಹತ್ತಿ ಇಳಿದಿರಬೇಕು. ಆಮೇಲಷ್ಟೇ ಹೊರಗಿನ ಕೋರ್ಟು. ಕೆಲೆಕ್ಚಿಯ ಮೊಕದ್ದಮೆಯಲ್ಲಿ ತುರ್ಕಿ ಸರ್ಕಾರ ಇದನ್ನೇ ಹಿಡಿದು ಕೂತಿತು. ‘ನಮ್ಮಲ್ಲಿ ಆಡಳಿತ ನ್ಯಾಯಾಲಯಗಳಿವೆ, ಪರಿಹಾರ ಕೇಳಬಹುದು. ಇವರು ಕೇಳಲೇ ಇಲ್ಲ’ ಎಂಬುದು ವಾದ. ಕೇಳಲು ಸರಳ, ನ್ಯಾಯವಾಗಿಯೂ ಕಾಣುತ್ತದೆ.

1996ರ ಸೆಪ್ಟೆಂಬರ್ 16ರ ತೀರ್ಪು ಮುಖ್ಯವಾದದ್ದು ಈ ಪ್ರಶ್ನೆಗೆ ಕೊಟ್ಟ ಉತ್ತರದಿಂದ. ನಿಯಮ ಇರುವುದು ನಿಜ, ಆದರೆ ಅದನ್ನು ಯಾಂತ್ರಿಕವಾಗಿ ಹೇರಲಾಗದು ಎಂದಿತು ನ್ಯಾಯಾಲಯ. ಕಾನೂನಿನ ಪುಸ್ತಕದಲ್ಲಿ ಪರಿಹಾರ ಇದೆಯೇ ಎಂಬುದಲ್ಲ, ಆ ಊರಿನ ಆ ಹೊತ್ತಿನ ಸ್ಥಿತಿಯಲ್ಲಿ ಅದು ನಿಜಕ್ಕೂ ಕೈಗೆಟುಕುತ್ತಿತ್ತೇ ಎಂದು ನೋಡಬೇಕು. ಭದ್ರತಾ ಪಡೆಗಳು ಉದ್ದೇಶಪೂರ್ವಕವಾಗಿ ಮನೆ ಸುಟ್ಟದ್ದಕ್ಕೆ ಯಾರಿಗಾದರೂ ಪರಿಹಾರ ಸಿಕ್ಕ ಒಂದೇ ಒಂದು ಉದಾಹರಣೆಯನ್ನು ಸರ್ಕಾರ ತೋರಿಸಲಿಲ್ಲ. ಯಾರ ಮೇಲೂ ಮೊಕದ್ದಮೆ ನಡೆದದ್ದನ್ನೂ ತೋರಿಸಲಿಲ್ಲ. ದೂರು ಕೊಟ್ಟವರಿಗೆ ಸೇಡಿನ ಭಯವಿತ್ತು. ಹೀಗಿರುವಾಗ ‘ಮೊದಲು ಇಲ್ಲಿ ಅಲೆದು ಬಾ’ ಎನ್ನುವುದು ನ್ಯಾಯವಲ್ಲ. ಮುಂದೆ ಬೇರೆ ಬೇರೆ ದೇಶಗಳ ಪ್ರಕರಣಗಳಲ್ಲೂ ಈ ಮಾತನ್ನು ವಕೀಲರು ಎತ್ತಿಹಿಡಿಯುತ್ತಲೇ ಬಂದಿದ್ದಾರೆ.

ಬೆಂಕಿಯಿಟ್ಟವರು ಯಾರು ಎಂಬುದನ್ನೂ ತೀರ್ಮಾನಿಸಬೇಕಿತ್ತು. ತುರ್ಕಿಯಲ್ಲಿ ಸರಿಯಾದ ತನಿಖೆಯೇ ಆಗಿರಲಿಲ್ಲ. ಆದ್ದರಿಂದ ಅಂದಿದ್ದ ಐರೋಪ್ಯ ಮಾನವ ಹಕ್ಕುಗಳ ಆಯೋಗದ ಪ್ರತಿನಿಧಿಗಳೇ ತುರ್ಕಿಗೆ ಬಂದು, ಸಾಕ್ಷಿಗಳನ್ನು ಎದುರು ಕೂರಿಸಿಕೊಂಡು ಕೇಳಿದರು. ಎಲ್ಲ ಕೇಳಿದ ಮೇಲೆ ಮನೆ ಸುಟ್ಟದ್ದಕ್ಕೆ ಭದ್ರತಾ ಪಡೆಗಳೇ ಹೊಣೆ ಎಂದು ಸಿದ್ಧವಾಯಿತು. ಮನೆ ಮತ್ತು ಕುಟುಂಬ ಜೀವನದ ಹಕ್ಕು, ಆಸ್ತಿಯ ಹಕ್ಕು ಎರಡೂ ಭಂಗವಾಗಿವೆ ಎಂದು ಬಹುಮತದ ತೀರ್ಪು ಬಂತು.

ಮೂರನೆಯದೊಂದು ತಪ್ಪನ್ನೂ ನ್ಯಾಯಾಲಯ ಗುರುತಿಸಿತು. ಅಧಿಕಾರಿಗಳು ಅರ್ಜಿದಾರರನ್ನು ಕರೆಸಿ, ‘ನೀವು ಸ್ಟ್ರಾಸ್‌ಬರ್ಗಿಗೆ ಅರ್ಜಿ ಹಾಕಿದ್ದೀರಾ?’ ಎಂದು ವಿಚಾರಿಸಿದ್ದರು. ಹಾಕಿಲ್ಲವೆಂದು ಬರೆದ ಹೇಳಿಕೆಗೆ ಸಹಿ ಕೇಳಿದ್ದರು. ವಿಚಾರಣೆಯನ್ನು ಚಿತ್ರೀಕರಿಸಿಯೂ ಇದ್ದರು. ಮನೆ ಕಳೆದುಕೊಂಡವನು ಕ್ಯಾಮೆರಾದ ಮುಂದೆ ಕೂತು ‘ನಾನು ದೂರೇ ಕೊಟ್ಟಿಲ್ಲ’ ಎನ್ನಬೇಕಾದ ಆ ಗಳಿಗೆಯನ್ನು ಕಲ್ಪಿಸಿಕೊಳ್ಳಿ. ಇದು ಅರ್ಜಿ ಹಾಕುವ ಹಕ್ಕಿಗೇ ಅಡ್ಡಿ ಎಂದು ತೀರ್ಪಾಯಿತು.

ಹಳ್ಳಿಗರು ಕೇಳಿದ ಇನ್ನೊಂದು ಬೇಡಿಕೆಯಿತ್ತು: ನಮ್ಮ ಊರನ್ನು ನಮಗೆ ಮರಳಿ ಕೊಡಿಸಿ. ಅದನ್ನು ನ್ಯಾಯಾಲಯ ಆಜ್ಞೆಯಾಗಿ ಕೊಡಲಿಲ್ಲ. ಪೌಂಡಿನ ಲೆಕ್ಕ ಬಂದದ್ದು ಅದರ ಬದಲಿಗೆ.

ಮರ, ಗಿರಣಿ, ಹುಲ್ಲುಗಾವಲು

ಒಂದು ತೀರ್ಪು ಬಂದ ಮೇಲೆ ದೂರುಗಳು ಸಾಲುಗಟ್ಟಿದವು. ಕುಲ್ಪ್ ತಾಲ್ಲೂಕಿನ ಇಸ್ಲಾಂಕೊಯ್‌ನದು ಮನಸ್ಸಿನಲ್ಲಿ ಉಳಿಯುವಂಥದು. 1993ರ ಜೂನ್‌ನಲ್ಲಿ ಜಂದರ್ಮದವರು ದೊಡ್ಡ ಸಂಖ್ಯೆಯಲ್ಲಿ ಬಂದು ಇಬ್ಬರ ಮನೆಗಳನ್ನು ಅವರ ಕಣ್ಣೆದುರೇ ಸುಟ್ಟರು. ಒಬ್ಬಾಕೆಗೆ ಐವತ್ತು ದಾಟಿತ್ತು, ಇನ್ನೊಬ್ಬರಿಗೆ ಅರವತ್ತು. ಇಬ್ಬರೂ ಹುಟ್ಟಿದಾಗಿನಿಂದ ಅಲ್ಲೇ ಬಾಳಿದವರು. ಆರಿಸಲು ಓಡಿಬಂದ ನೆರೆಹೊರೆಯವರನ್ನು ತಡೆದರು. ಹತ್ತು ದಿನ ಕಳೆದು ಮತ್ತೆ ಬಂದು ಆಕೆಗೆ ಪಾಲಿದ್ದ ಹಿಟ್ಟಿನ ಗಿರಣಿಯನ್ನೂ ಸುಟ್ಟರು. 1998ರ ಏಪ್ರಿಲ್ 24ರ ತೀರ್ಪಿನಲ್ಲಿ ನ್ಯಾಯಾಲಯ ಆಸ್ತಿಯ ಮಾತಿಗಷ್ಟೇ ನಿಲ್ಲಲಿಲ್ಲ. ವಯಸ್ಸಾದವರ ಮುಂದೆ ಅವರ ಮನೆಯನ್ನು ಹೀಗೆ ಸುಟ್ಟದ್ದು ಅಮಾನವೀಯ ವರ್ತನೆ, ಚಿತ್ರಹಿಂಸೆಯನ್ನು ನಿಷೇಧಿಸುವ ವಿಧಿಗೇ ವಿರುದ್ಧ ಎಂದಿತು. ಕಾನೂನಿನ ವಿದ್ಯಾರ್ಥಿಗಳು ಈ ತೀರ್ಪನ್ನು ಓದುವುದು ಈ ಕಾರಣಕ್ಕೆ. ಮನೆ ಎಂದರೆ ಕಲ್ಲು ಮಣ್ಣಿನ ಲೆಕ್ಕವಷ್ಟೇ ಅಲ್ಲ ಎಂದು ಕೋರ್ಟಿನ ಭಾಷೆಯಲ್ಲಿ ಹೇಳುವುದು ಅಂದುಕೊಂಡಷ್ಟು ಸುಲಭವಲ್ಲ.

ಇನ್ನು ತುಂಜೆಲಿಯ ಮಾತು. ಅಲ್ಲಿನ ಹೊಜಾತ್ ತಾಲ್ಲೂಕಿನ ಬೊಯ್ದಾಶ್ ಹಳ್ಳಿಯನ್ನು 1994ರ ಅಕ್ಟೋಬರ್‌ನಲ್ಲಿ ಖಾಲಿ ಮಾಡಿಸಲಾಯಿತು. ಹದಿನೈದು ಮಂದಿ ಅರ್ಜಿ ಹಾಕಿದರು. ಸರ್ಕಾರದ ವಾದ ಈ ಸಲ ಬೇರೆ: ‘ಇವರಲ್ಲಿ ಹಲವರ ಹೆಸರಿನಲ್ಲಿ ಭೂಮಿಯ ಪತ್ರವೇ ಇಲ್ಲ, ಇಲ್ಲದ ಆಸ್ತಿಗೆ ಪರಿಹಾರ ಎಲ್ಲಿಂದ?’ ನಮ್ಮ ಹಳ್ಳಿಗಳಲ್ಲೂ ಅಜ್ಜನ ಹೆಸರಿನಲ್ಲೇ ಉಳಿದ ಪಹಣಿ ಕಂಡವರಿಗೆ ಈ ವಾದದ ಬಿಸಿ ತಟ್ಟೀತು. ಆ ಜನ ಅಪ್ಪನ ಮನೆಯಲ್ಲಿ ಇದ್ದವರು, ಅಪ್ಪನ ಹೊಲ ಉತ್ತವರು, ಊರೊಟ್ಟಿನ ಹುಲ್ಲುಗಾವಲಿನಲ್ಲಿ ಕುರಿ ಮೇಯಿಸಿದವರು, ಕಾಡಿನಿಂದ ಸೌದೆ ತಂದವರು. 2004ರ ಜೂನ್ 29ರ ತೀರ್ಪು, ಈ ಬದುಕು ಪೂರ್ತಿಯಾಗಿ ಸೇರಿಯೇ ‘ಆಸ್ತಿ’ ಆಗುತ್ತದೆ, ಕಾಗದ ಇಲ್ಲದಿದ್ದರೂ ಆಗುತ್ತದೆ ಎಂದಿತು.

ಎಲ್ಲಕ್ಕಿಂತ ಘೋರವಾದದ್ದು ಶಿರ್ನಾಕ್ ಪ್ರಾಂತ್ಯದ ಕುಶ್ಕೊನಾರ್ ಮತ್ತು ಕೊಚಾಗಿಲಿ ಹಳ್ಳಿಗಳದು. 1994ರ ಮಾರ್ಚ್ 26ರಂದು ಆಕಾಶದಿಂದ ಬಾಂಬು ಬಿದ್ದು ಮೂವತ್ತಕ್ಕೂ ಹೆಚ್ಚು ಜನ ಸತ್ತರು. ಹೆಂಗಸರು, ಮಕ್ಕಳು, ಮುದುಕರು ಅವರಲ್ಲಿದ್ದರು. ಇಲ್ಲೂ ಅಪರಾಧ ಪಿಕೆಕೆಯದೆಂದೇ ಸರ್ಕಾರ ಹೇಳಿತು. ಪಿಕೆಕೆಯ ಬಳಿ ವಿಮಾನ ಇರಲಿಲ್ಲ ಎಂಬ ಸಣ್ಣ ಸಂಗತಿಯನ್ನು ನೆನಪಿಸಬೇಕಾಯಿತು. ಆ ದಿನದ ವಿಮಾನ ಹಾರಾಟದ ದಾಖಲೆಗಳು ಹೊರಬಿದ್ದವು. 2013ರ ನವೆಂಬರ್‌ನಲ್ಲಿ, ಹತ್ತೊಂಬತ್ತು ವರ್ಷಗಳ ಬಳಿಕ, ಬಾಂಬು ಹಾಕಿದ್ದು ವಾಯುಪಡೆಯೇ ಎಂದು ಸ್ಟ್ರಾಸ್‌ಬರ್ಗ್ ತೀರ್ಮಾನಿಸಿತು. ಹೆಣಗಳನ್ನು ಆಯ್ದು ಹೂಳುವ ಕೆಲಸವನ್ನೂ ಸರ್ಕಾರದ ನೆರವಿಲ್ಲದೆ ಹಳ್ಳಿಗರೇ ಮಾಡಬೇಕಾಗಿ ಬಂದದ್ದನ್ನು ತೀರ್ಪು ಬಿಡದೆ ದಾಖಲಿಸಿದೆ.

ಹಣ ಬಂತು, ಊರು ಬರಲಿಲ್ಲ

2004ರ ಹೊತ್ತಿಗೆ ತುರ್ಕಿ ಐರೋಪ್ಯ ಒಕ್ಕೂಟದ ಬಾಗಿಲಲ್ಲಿ ನಿಂತಿತ್ತು. ಸ್ಟ್ರಾಸ್‌ಬರ್ಗಿನಲ್ಲಿ ಇಂಥವೇ ಸುಮಾರು ಒಂದೂವರೆ ಸಾವಿರ ಅರ್ಜಿಗಳು ಬಿದ್ದಿದ್ದವು. ಆ ವರ್ಷದ ಜುಲೈನಲ್ಲಿ ಸಂಸತ್ತು 5233ನೇ ಸಂಖ್ಯೆಯ ಕಾನೂನು ತಂದಿತು. ಭಯೋತ್ಪಾದನೆಯಿಂದ ಮಾತ್ರವಲ್ಲ, ಅದನ್ನು ಹತ್ತಿಕ್ಕಲು ಕೈಗೊಂಡ ಕ್ರಮಗಳಿಂದ ನಷ್ಟವಾದವರಿಗೂ ಪರಿಹಾರ ಕೊಡುವ ಕಾನೂನು ಅದು. ಪ್ರಾಂತ್ಯಕ್ಕೊಂದು ಸಮಿತಿ. ಸಮಿತಿಯಲ್ಲಿ ಏಳು ಜನ; ಆರು ಮಂದಿ ಸರ್ಕಾರಿ ಅಧಿಕಾರಿಗಳು, ಒಬ್ಬ ವಕೀಲ. ಮರ, ಮನೆ, ಬೆಳೆಗೆ ಲೆಕ್ಕವಿತ್ತು. ಅನುಭವಿಸಿದ ನೋವಿಗೆ ಕಾಲಂ ಇರಲಿಲ್ಲ.

2006ರ ಜನವರಿ 12ರಂದು ನ್ಯಾಯಾಲಯ ಈ ಹೊಸ ಸಮಿತಿಗಳನ್ನು ಸಾಕಾದ ಪರಿಹಾರವೆಂದು ಒಪ್ಪಿ, ಕಾದಿದ್ದ ಅರ್ಜಿಗಳಿಗೆ ‘ಮೊದಲು ಅಲ್ಲಿಗೆ ಹೋಗಿ’ ಎಂದಿತು. 1996ರಲ್ಲಿ ತುರ್ಕಿ ಸರ್ಕಾರ ಕೇಳಿದ್ದೂ ಇದನ್ನೇ ಅಲ್ಲವೇ? ನ್ಯಾಯಾಲಯದ ದೃಷ್ಟಿಯಲ್ಲಿ ನಡುವೆ ಪರಿಸ್ಥಿತಿ ಬದಲಾಗಿತ್ತು. ಅರ್ಜಿದಾರರ ವಕೀಲರಿಗೆ ಹಾಗೆ ಕಾಣಲಿಲ್ಲ. ಸಾವಿರಾರು ಜನರಿಗೆ ಸ್ಟ್ರಾಸ್‌ಬರ್ಗಿಗಿಂತ ಬೇಗ ಹಣ ಸಿಕ್ಕಿತೆಂಬುದು ನಿಜ. ‘ಈ ಊರನ್ನು ಸೇನೆ ಸುಟ್ಟಿತು’ ಎಂದು ಒಂದು ನ್ಯಾಯಾಲಯ ಹೇಳುವುದು ತಪ್ಪಿತೆಂಬುದೂ ಅಷ್ಟೇ ನಿಜ. ನನಗೆ ಎರಡನೆಯದೇ ದೊಡ್ಡ ನಷ್ಟವೆಂದು ತೋರುತ್ತದೆ. ಹಸಿದು ಕೂತವರಿಗೆ ಹಾಗೆ ತೋರಬೇಕಾಗಿಲ್ಲ.

ಇಷ್ಟೆಲ್ಲ ಓದಿದ ಮೇಲೆ ನಮ್ಮವರು ಇಂಥ ದೂರನ್ನು ಎಲ್ಲಿಗೆ ಒಯ್ಯಬೇಕು ಎಂಬ ಪ್ರಶ್ನೆ ಏಳುವುದು ಸಹಜ. ಯುರೋಪಿಗೆ, ಅಮೆರಿಕ ಖಂಡಗಳಿಗೆ, ಆಫ್ರಿಕಕ್ಕೆ ಪ್ರಾದೇಶಿಕ ಮಾನವ ಹಕ್ಕುಗಳ ನ್ಯಾಯಾಲಯಗಳಿವೆ, ಏಷ್ಯಾಕ್ಕೆ ಇಲ್ಲ. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿಗೆ ವ್ಯಕ್ತಿಗಳು ದೂರು ಕೊಡಲು ಅವಕಾಶ ಕೊಡುವ ಒಪ್ಪಂದಕ್ಕೆ ಭಾರತ ಸೇರಿಲ್ಲ. ನಮ್ಮಲ್ಲಿ ಸರ್ವೋಚ್ಚ ನ್ಯಾಯಾಲಯವಿದೆ, 1993ರ ಕಾನೂನಿನಿಂದ ಹುಟ್ಟಿದ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವೂ ಇದೆ. ಆದರೆ ಅದೇ ಕಾನೂನಿನ 19ನೇ ಕಲಮಿನಂತೆ, ದೂರು ಸಶಸ್ತ್ರ ಪಡೆಗಳ ಮೇಲಿದ್ದರೆ ಆಯೋಗ ಕೇಂದ್ರ ಸರ್ಕಾರದಿಂದ ವರದಿ ತರಿಸಿಕೊಂಡು ಶಿಫಾರಸು ಮಾಡಬಹುದು, ಅಷ್ಟೇ.

ಎಬ್ಬಿಸಿಕೊಂಡವರಲ್ಲಿ ಬಹಳಷ್ಟು ಜನ ಹೋಗಿ ಸೇರಿದ್ದು ದಿಯಾರ್‌ಬಕಿರ್ ನಗರಕ್ಕೆ. ಕಪ್ಪು ಕಲ್ಲಿನ ಪುರಾತನ ಕೋಟೆಯೊಳಗಿನ ಸುರ್ ಎಂಬ ಹಳೇ ಪೇಟೆಯಲ್ಲಿ ಬಾಡಿಗೆ ಕಡಿಮೆಯಿತ್ತು. ‘ದೆಂಗ್‌ಬೇಜ್’ ಎಂದು ಕರೆಯುವ ಕುರ್ದಿಶ್ ಕಥನ ಹಾಡುಗಾರರಿಗೆ ಅಲ್ಲಿ 2007ರಲ್ಲಿ ಒಂದು ಮನೆಯೇ ತೆರೆಯಿತು. ವಾದ್ಯವಿಲ್ಲದೆ ಬರಿಯ ಕಂಠದಲ್ಲಿ ಹಾಡುವ ಕಲೆ ಅದು. 2015ರ ಜುಲೈನಲ್ಲಿ ಕೋಟೆಗೆ ಯುನೆಸ್ಕೊ ವಿಶ್ವಪರಂಪರೆಯ ಪಟ್ಟ ಸಿಕ್ಕಿತು. ಅದೇ ತಿಂಗಳು ಸರ್ಕಾರ ಮತ್ತು ಪಿಕೆಕೆ ನಡುವಿನ ಶಾಂತಿ ಮಾತುಕತೆ ಮುರಿಯಿತು. ಯುವ ಬಂಡುಕೋರರು ಸುರ್‌ನ ಓಣಿಗಳಲ್ಲಿ ಕಂದಕ ತೋಡಿದರು. ಡಿಸೆಂಬರ್‌ನಿಂದ ಆರು ಬಡಾವಣೆಗಳಲ್ಲಿ ಹಗಲಿರುಳೂ ಕರ್ಫ್ಯೂ, ಬೀದಿ ಕಾಳಗ, ಆಮೇಲೆ ಬುಲ್‌ಡೋಜರ್. ತೊಂಬತ್ತರ ದಶಕದಲ್ಲಿ ಹಳ್ಳಿಯಿಂದ ಬಂದವರು ಎರಡನೇ ಸಲ ಗಂಟುಮೂಟೆ ಕಟ್ಟಿದರು. 2016ರ ಮಾರ್ಚ್‌ನಲ್ಲಿ ಸುರ್‌ನ ಹೆಚ್ಚಿನ ನಿವೇಶನಗಳನ್ನು ಸ್ವಾಧೀನಪಡಿಸಿಕೊಳ್ಳಲು ಸರ್ಕಾರ ತೀರ್ಮಾನಿಸಿತು.

ಕುಶ್ಕೊನಾರ್, ಕೊಚಾಗಿಲಿಯ ಹಳ್ಳಿಗರ ಪರ ಸ್ಟ್ರಾಸ್‌ಬರ್ಗಿನಲ್ಲಿ ವಾದಿಸಿದ ವಕೀಲ ತಾಹಿರ್ ಎಲ್ಚಿ. 1993ರಲ್ಲಿ ಹಿಡಿದು ಕೂರಿಸಿದ್ದ ಹದಿನಾರು ವಕೀಲರಲ್ಲಿ ಇವರೂ ಒಬ್ಬರು. 2015ರ ನವೆಂಬರ್ 28ರಂದು, ದಿಯಾರ್‌ಬಕಿರ್ ವಕೀಲರ ಸಂಘದ ಅಧ್ಯಕ್ಷರಾಗಿದ್ದ ಅವರು ಸುರ್‌ನ ನಾಲ್ಕು ಕಂಬದ ಮಿನಾರಿನ ಬುಡದಲ್ಲಿ ನಿಂತು, ಗುಂಡೇಟಿನಿಂದ ಆ ಮಿನಾರಿಗಾದ ಹಾನಿಯ ಬಗ್ಗೆ ಪತ್ರಕರ್ತರೊಡನೆ ಮಾತನಾಡಿದರು. ಮಾತು ಮುಗಿಯುತ್ತಿದ್ದಂತೆ ಅಲ್ಲಿ ಗುಂಡಿನ ಚಕಮಕಿ ನಡೆದು, ಅವರು ಅಲ್ಲೇ ಬಿದ್ದರು. ವಿಚಾರಣೆಗೊಳಗಾದ ಮೂವರು ಪೊಲೀಸರನ್ನು 2024ರ ಜೂನ್‌ನಲ್ಲಿ ನ್ಯಾಯಾಲಯ ಖುಲಾಸೆ ಮಾಡಿತು. 2025ರ ಮೇ ತಿಂಗಳಲ್ಲಿ ಪಿಕೆಕೆ ತನ್ನನ್ನು ತಾನೇ ವಿಸರ್ಜಿಸಿಕೊಳ್ಳುವುದಾಗಿ ಘೋಷಿಸಿತು. ತುರ್ಕಿಯ ಪ್ರಜೆ ಸ್ಟ್ರಾಸ್‌ಬರ್ಗಿಗೆ ಹೋಗಬೇಕಾದರೆ ಮೊದಲು ಸ್ವದೇಶದ ಸಂವಿಧಾನ ನ್ಯಾಯಾಲಯಕ್ಕೆ ಅರ್ಜಿ ಹಾಕಬೇಕೆಂಬ ಕಟ್ಟಳೆ 2012ರಿಂದ ಬಂದಿದೆ. ಸುರ್‌ನಲ್ಲಿ ಮನೆ ಕಳೆದುಕೊಂಡವರ ಎದುರಿಗಿರುವುದೂ ಇದೇ ದಾರಿ.